ರೋಟ್ಯಾಕ್ಸ್ 582: ನಿಲ್ಲಬಹುದೆಂದು ತಾನೇ ಹೇಳುವ ಎಂಜಿನ್

ಅಲ್ಟ್ರಾಲೈಟ್ ಎನ್ನುವ ಹಗುರ ವಿಮಾನಗಳಿಗೆ ಹಾಕುವ ಎಂಜಿನ್ ರೋಟ್ಯಾಕ್ಸ್ 582. ಅದರ ಕೈಪಿಡಿಯಲ್ಲಿ ಒಂದು ಎಚ್ಚರಿಕೆ ಇದೆ. ಈ ಎಂಜಿನ್ ತನ್ನ ವಿನ್ಯಾಸದ ಕಾರಣದಿಂದಲೇ ಹಠಾತ್ತನೆ ನಿಲ್ಲಬಹುದು, ನಿಂತರೆ ಗಾಯವೋ ಸಾವೋ ಆಗಬಹುದು, ಆದ್ದರಿಂದ ಎಂಜಿನ್ ಇಲ್ಲದೆ ಸುರಕ್ಷಿತವಾಗಿ ಇಳಿಯಲಾಗದ ಜಾಗ, ಎತ್ತರ, ವೇಗಗಳಲ್ಲಿ ಹಾರಿಸಬೇಡಿ ಎಂದು ಅದು ನೇರವಾಗಿ ಹೇಳುತ್ತದೆ. ಇದು ಪ್ರಮಾಣೀಕೃತ ವಿಮಾನ ಎಂಜಿನ್ ಅಲ್ಲ ಎಂಬ ಮಾತೂ ಅದರಲ್ಲಿದೆ. ಕಾನೂನಿನ ಕಾಟಕ್ಕೆ ಬರೆದ ಸಾಲು ಎಂದುಕೊಂಡು ಬಹಳ ಮಂದಿ ಆ ಪುಟವನ್ನು ಮಗುಚಿ ಮುಂದೆ ಹೋಗುತ್ತಾರೆ. ನನ್ನ ಪ್ರಕಾರ ಇಡೀ ಕೈಪಿಡಿಯಲ್ಲಿ ಅದಕ್ಕಿಂತ ಮುಖ್ಯವಾದ ತಾಂತ್ರಿಕ ಮಾಹಿತಿ ಇನ್ನೊಂದಿಲ್ಲ. ಆ ಸಾಲನ್ನು ಅಕ್ಷರಶಃ ನಂಬಿ ನಡೆದುಕೊಳ್ಳುವವರಿಗೆ ಇದು ಒಳ್ಳೆಯ ಎಂಜಿನ್. ನಂಬದವರು ಇದನ್ನು ಕೊಳ್ಳಬಾರದು.

ಗುಣಗಳನ್ನು ಮೊದಲು ಹೇಳಿಬಿಡೋಣ. ಇದು ಎರಡು ಸಿಲಿಂಡರ್‌ನ ಟೂ ಸ್ಟ್ರೋಕ್ ಎಂಜಿನ್. ಬೋರ್ 76 ಮಿ.ಮೀ., ಸ್ಟ್ರೋಕ್ 64 ಮಿ.ಮೀ., ಒಟ್ಟು 580.7 ಸಿಸಿ. 6500 ಆರ್‌ಪಿಎಂಗೆ 65 ಅಶ್ವಶಕ್ತಿ ಕೊಡುತ್ತದೆ. ಎಕ್ಸಾಸ್ಟ್, ಕಾರ್ಬ್ಯುರೇಟರ್, ರೇಡಿಯೇಟರ್ ಲೆಕ್ಕಕ್ಕೆ ಹಿಡಿಯದಿದ್ದರೆ ತೂಕ 36 ಕೆಜಿ ಆಸುಪಾಸು. ಇಬ್ಬರು ಕೂರುವ ಅಲ್ಟ್ರಾಲೈಟ್ ವಿಮಾನಗಳನ್ನು ಈ ಎಂಜಿನ್ ದಶಕಗಳ ಕಾಲ ಎತ್ತಿ ಹಾರಿಸಿದ್ದು ಈ ಹಗುರತನದಿಂದಲೇ. ಪ್ರತಿ ಸಿಲಿಂಡರ್‌ಗೆ ಎರಡು ಪ್ಲಗ್, ಒಂದರ ಹಂಗಿಲ್ಲದ ಇನ್ನೊಂದು ಎನ್ನುವಂತೆ ಎರಡು ಇಗ್ನಿಷನ್. 3500 ಆರ್‌ಪಿಎಂನಲ್ಲಿ ಒಂದು ಇಗ್ನಿಷನ್ ಆರಿಸಿ ನೋಡಿದಾಗ ವೇಗ 300ಕ್ಕಿಂತ ಹೆಚ್ಚು ಇಳಿಯಬಾರದು. ಗಾಳಿಯಿಂದ ತಣಿಯುವ ಹಳೆಯ ರೋಟ್ಯಾಕ್ಸ್ 503ಕ್ಕೆ ಹೋಲಿಸಿದರೆ ಕೂಲಂಟ್, ಅಂದರೆ ತಣಿಸುವ ದ್ರವ, ಇರುವ 582ರಲ್ಲಿ ಸಿಲಿಂಡರ್‌ನ ಬಿಸಿ ಹೆಚ್ಚು ಸ್ಥಿರ. ಸರಿಯಾಗಿ ಹೊಂದಿಸಿದ ಎಂಜಿನ್ ಮಾತು ಕೇಳುತ್ತದೆ, ಥ್ರಾಟಲ್‌ಗೆ ತಕ್ಷಣ ಸ್ಪಂದಿಸುತ್ತದೆ.

ಇನ್ನು ಅದರ ಇನ್ನೊಂದು ಮುಖ. ಅಲ್ಟ್ರಾಲೈಟ್ ಸಾವುಗಳಲ್ಲಿ ಒಂದು ಸರಣಿ ಮತ್ತೆ ಮತ್ತೆ ಕಾಣುತ್ತದೆ. ಟೇಕ್‌ಆಫ್ ಆಗಿ ಇನ್ನೂ ಮೇಲೇರುತ್ತಿರುವಾಗ ಎಂಜಿನ್ ಸೊರಗುತ್ತದೆ ಅಥವಾ ನಿಲ್ಲುತ್ತದೆ. ಪೈಲಟ್ ರನ್‌ವೇ ಕಡೆಗೆ ತಿರುಗಿಸುತ್ತಾರೆ. ತಿರುವಿನಲ್ಲಿ ವೇಗ ಕುಸಿದು ಒಂದು ರೆಕ್ಕೆ ಮೊದಲು ಸ್ಟಾಲ್ ಆಗುತ್ತದೆ, ಅಂದರೆ ಎತ್ತುವ ಬಲ ಕಳೆದುಕೊಳ್ಳುತ್ತದೆ, ವಿಮಾನ ಆ ಕಡೆಗೆ ಸುತ್ತುತ್ತ ಮೂತಿ ಮುಂದಾಗಿ ನೆಲಕ್ಕೆ ಬೀಳುತ್ತದೆ. ಕೊಲ್ಲುವುದು ಕೊನೆಯ ಹಂತ. ಆದರೆ ಸರಣಿಯನ್ನು ಶುರು ಮಾಡುವುದು ಎಂಜಿನ್, ಮತ್ತು 582ರಲ್ಲಿ ಅದು ಶುರುವಾಗುವ ದಾರಿಗಳು ಬೆರಳೆಣಿಕೆಯಷ್ಟು. ಅವುಗಳಲ್ಲಿ ಹೆಚ್ಚಿನವನ್ನು ನೆಲದ ಮೇಲೆಯೇ ಹಿಡಿಯಬಹುದು. ವಿಷಾದದ ಸಂಗತಿ ಅದೇ.

ಮೊದಲನೆಯದು ಪಿಸ್ಟನ್ ಹಿಡಿದುಕೊಳ್ಳುವುದು, ಅಂದರೆ ಸೀಜ್. ಇದರಲ್ಲಿ ಒಂದಕ್ಕಿಂತ ಹೆಚ್ಚು ಬಗೆ ಇದೆ, ಒಂದೊಂದಕ್ಕೂ ಕಾರಣ ಬೇರೆ. ಪಿಸ್ಟನ್ ಅಲ್ಯೂಮಿನಿಯಂ, ಅದು ಓಡಾಡುವ ಸಿಲಿಂಡರ್ ತೋಳು ಎರಕದ ಕಬ್ಬಿಣ. ಅಷ್ಟೇ ಬಿಸಿಗೆ ಅಲ್ಯೂಮಿನಿಯಂ ಕಬ್ಬಿಣಕ್ಕಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಎಂಜಿನ್ ಸರಿಯಾಗಿ ಕಾಯುವ ಮೊದಲೇ ಪೂರ್ಣ ಥ್ರಾಟಲ್ ಕೊಟ್ಟರೆ ಪಿಸ್ಟನ್ ಹಿಗ್ಗಿರುತ್ತದೆ, ತೋಳು ಇನ್ನೂ ತಣ್ಣಗೆ ಕುಗ್ಗಿಕೊಂಡೇ ಇರುತ್ತದೆ. ನಡುವಿನ ಸಂದು ಮುಗಿದುಹೋಗುತ್ತದೆ. ಇದು ಕೋಲ್ಡ್ ಸೀಜ್. ಬಿಚ್ಚಿ ನೋಡಿದರೆ ಪಿಸ್ಟನ್ ಬದಿಯಲ್ಲಿ ನಾಲ್ಕು ಮೂಲೆಗೂ ಗೀರು ಕಾಣುತ್ತದೆ. ಗೀರು ಎಕ್ಸಾಸ್ಟ್ ಬದಿಗೆ ಮಾತ್ರ ಇದ್ದರೆ ಮಿಶ್ರಣದಲ್ಲಿ ಪೆಟ್ರೋಲ್ ಕಮ್ಮಿಯಾಗಿ ಅತಿಯಾಗಿ ಕಾದಿದೆ ಎಂದರ್ಥ. ಸುತ್ತಲೂ ಇದ್ದರೆ ಆಯಿಲ್ ಸಿಕ್ಕಿಲ್ಲ. ಹೊಸ ಪಿಸ್ಟನ್ ಹಾಕುವ ಮೊದಲು ಹಳೆಯದನ್ನು ಈ ಕಣ್ಣಿನಿಂದ ನೋಡದಿದ್ದರೆ ಅದೇ ಕಾರಣಕ್ಕೆ ಹೊಸದೂ ಹೋಗುತ್ತದೆ.

582ರ ಕೋಲ್ಡ್ ಸೀಜ್‌ಗೆ ಇನ್ನೊಂದು ತಿರುವಿದೆ, ಹೊಸಬರು ಎಡವುವುದು ಅಲ್ಲಿ. ನೆಲದಲ್ಲಿ ಎಂಜಿನ್ ಕಾಯುತ್ತಿದೆ, ಕೂಲಂಟ್ ಮುಳ್ಳು ಏರುತ್ತಿದೆ, ಆದರೆ ಕೂಲಂಟ್ ಕಾದ ಮೇಲೆ ರೇಡಿಯೇಟರ್‌ಗೆ ದಾರಿ ಬಿಡುವ ಕವಾಟ, ಅಂದರೆ ಥರ್ಮೋಸ್ಟಾಟ್, ಇನ್ನೂ ತೆರೆದಿಲ್ಲ. ಹಾಗಾದರೆ ರೇಡಿಯೇಟರ್‌ನಲ್ಲಿರುವ ಕೂಲಂಟ್ ತಣ್ಣಗೇ ಇದೆ. ಅದೇ ಹೊತ್ತಿಗೆ ಟೇಕ್‌ಆಫ್ ಮಾಡಿದರೆ ಥರ್ಮೋಸ್ಟಾಟ್ ಗಾಳಿಯಲ್ಲಿ ತೆರೆದುಕೊಂಡು ಆ ತಣ್ಣನೆಯ ಕೂಲಂಟ್ ಒಂದೇಟಿಗೆ ಬಿಸಿ ಸಿಲಿಂಡರ್‌ಗೆ ನುಗ್ಗುತ್ತದೆ. ಸಿಲಿಂಡರ್ ಕುಗ್ಗಿ ಪಿಸ್ಟನ್ನನ್ನು ಬಿಗಿಹಿಡಿಯುತ್ತದೆ, ಅದೂ ಮೂವತ್ತು ನಲವತ್ತು ಮೀಟರ್ ಎತ್ತರದಲ್ಲಿ. ನೀಲಿ ಸಿಲಿಂಡರ್ ಹೆಡ್‌ನ ಮಾದರಿಯಲ್ಲಿ ಕೂಲಂಟ್ ಒಳಗೇ ಸುತ್ತುವ ದಾರಿ ಮಾಡಿ ಈ ಹೊಡೆತವನ್ನು ತಗ್ಗಿಸಿದ್ದಾರೆ. ಹಳೆಯ ಬೂದು ಹೆಡ್ ಇದ್ದರೆ ಎಚ್ಚರ ಹೆಚ್ಚೇ ಬೇಕು. ಕ್ರಮ ಇಷ್ಟು: ಎರಡು ನಿಮಿಷ 2000 ಆರ್‌ಪಿಎಂ, ಆಮೇಲೆ 2500ರಲ್ಲಿ ಕಾಯಿಸುವುದು. ಮುಳ್ಳು ಏರಿ, ಥರ್ಮೋಸ್ಟಾಟ್ ತೆರೆದಾಗ ಒಮ್ಮೆ ತಗ್ಗಿ, ಮತ್ತೆ ಏರುವವರೆಗೆ ಕಾಯಬೇಕು. ಟೇಕ್‌ಆಫ್‌ಗೆ ಹೊರಡುವಾಗ ಕೂಲಂಟ್ 65 ಡಿಗ್ರಿ ದಾಟಿರಬೇಕು, 80 ಮೀರಬಾರದು. ಸರದಿಯಲ್ಲಿ ಹಿಂದೆ ನಿಂತವರು ಎಷ್ಟೇ ಅವಸರಪಡಿಸಿದರೂ ಈ ಹಂತ ಬಿಡುವಂತಿಲ್ಲ.

ಇಳಿಯುವಾಗಲೂ ಇದೇ ಅಪಾಯ ಬೇರೆ ರೂಪದಲ್ಲಿ ಬರುತ್ತದೆ. ಥ್ರಾಟಲ್ ಪೂರ್ತಿ ಮುಚ್ಚಿ ತುಂಬ ಹೊತ್ತು ಜಾರುತ್ತ ಬಂದರೆ ಎಂಜಿನ್ ತಣಿಯುತ್ತದೆ. ರನ್‌ವೇ ಮೇಲೆ ಯಾರೋ ಅಡ್ಡ ಬಂದರೆಂದು ಒಮ್ಮೆಗೇ ಪೂರ್ಣ ಥ್ರಾಟಲ್ ತಳ್ಳಿದರೆ ಮತ್ತೆ ಅದೇ ಕೋಲ್ಡ್ ಸೀಜ್. ಇದಕ್ಕೆ ವಿರುದ್ಧ ತುದಿಯೂ ಇದೆ. ಅರ್ಧ ಥ್ರಾಟಲ್‌ನಲ್ಲಿ ಮೂತಿ ತಗ್ಗಿಸಿ ವೇಗವಾಗಿ ಇಳಿಯುವಾಗ ಗಾಳಿಯೇ ಪ್ರೊಪೆಲ್ಲರನ್ನು ತಿರುಗಿಸಲು ನೆರವಾಗುತ್ತದೆ. ಎಂಜಿನ್ ಮೇಲಿನ ಹೊರೆ ಇಳಿದು ಆರ್‌ಪಿಎಂ ಏರಿಯೇ ಇರುತ್ತದೆ, ಕಾರ್ಬ್ಯುರೇಟರ್ ಸೂಜಿಯಿಂದ ಬರುವ ಪೆಟ್ರೋಲ್ ಮಾತ್ರ ಅಳತೆಯದು. ಎಕ್ಸಾಸ್ಟ್ ಉಷ್ಣತೆ 650 ಡಿಗ್ರಿಯ ಮಿತಿ ಕಡೆಗೆ ಓಡುತ್ತದೆ. ಪೆಟ್ರೋಲಿಗೇ ಆಯಿಲ್ ಬೆರೆಸಿ ಓಡಿಸುವವರು ಇನ್ನೂ ಒಂದು ಮಾತು ನೆನಪಿಡಬೇಕು: ಪೆಟ್ರೋಲ್ ಕಮ್ಮಿಯಾದರೆ ಆಯಿಲೂ ಕಮ್ಮಿ. ಹೆಚ್ಚು ಸುತ್ತು, ಕಡಿಮೆ ಆಯಿಲ್, ಹೆಚ್ಚು ಬಿಸಿ ಮೂರೂ ಒಟ್ಟಿಗೆ ಬೀಳುತ್ತವೆ. ಥ್ರಾಟಲನ್ನು ಹಂತ ಹಂತವಾಗಿ ತಗ್ಗಿಸುವುದು, ಇಳಿಯುವಾಗ ನಡುನಡುವೆ ಸ್ವಲ್ಪ ಶಕ್ತಿ ಕೊಟ್ಟು ಎಂಜಿನ್ ಬಿಸಿ ಉಳಿಸಿಕೊಳ್ಳುವುದು, ಎಕ್ಸಾಸ್ಟ್ ಗೇಜ್ ಮೇಲೆ ಕಣ್ಣಿಡುವುದು ಇವು ಅಭ್ಯಾಸವಾಗಬೇಕು.

ಆ ಗೇಜ್ ಎರಡೂ ಸಿಲಿಂಡರ್‌ಗೆ ಬೇರೆ ಬೇರೆ ಇರಲೇಬೇಕು. ಒಂದೇ ಗೇಜ್ ಇರುವ 582 ವಿಮಾನವನ್ನು ಕೊಳ್ಳುವುದಾದರೆ ಎರಡನೆಯದನ್ನು ಹಾಕಿಸಿದ ಮೇಲೆಯೇ ಹಾರಿಸಿ. ಎರಡರ ನಡುವೆ 40 ಡಿಗ್ರಿಗೂ ಹೆಚ್ಚು ವ್ಯತ್ಯಾಸ ಕಂಡರೆ ಕಾರ್ಬ್ಯುರೇಟರ್‌ಗಳು ಜೊತೆಗೂಡಿ ತೆರೆಯುತ್ತಿಲ್ಲ, ಇಲ್ಲವೇ ಒಂದು ಕಡೆ ಗಾಳಿ ಸೋರುತ್ತಿದೆ. ಗಾಳಿ ಸೋರುವ ಮಾಮೂಲು ಜಾಗ ಕಾರ್ಬ್ಯುರೇಟರನ್ನು ಎಂಜಿನ್‌ಗೆ ಹಿಡಿದಿರುವ ರಬ್ಬರ್ ಸಾಕೆಟ್. ಹೊರಗಿನಿಂದ ಚೆನ್ನಾಗಿಯೇ ಕಾಣುತ್ತದೆ, ಕೈಯಲ್ಲಿ ಬಾಗಿಸಿದರೆ ಬಿರುಕು ಬಾಯಿ ಬಿಡುತ್ತದೆ. ಬಾಗಿಸಿ ನೋಡದ ತಪಾಸಣೆ ತಪಾಸಣೆಯಲ್ಲ. ಕ್ರ್ಯಾಂಕ್‌ಶಾಫ್ಟ್ ಸೀಲ್ ಸವೆದರೂ ಇದೇ ಫಲ, ಆದರೆ ಅದನ್ನು ಒತ್ತಡ ಪರೀಕ್ಷೆಯಿಂದಲೇ ತಿಳಿಯಬೇಕು. ಪ್ರೊಪೆಲ್ಲರ್‌ನ ಕೋನವೂ ಮಿಶ್ರಣದ ಮೇಲೆ ಪ್ರಭಾವ ಬೀರುತ್ತದೆ ಎಂಬುದನ್ನು ಅನೇಕರು ಮರೆಯುತ್ತಾರೆ. ಅಲಗಿನ ಕೋನ ಕಮ್ಮಿ ಇಟ್ಟು ಎಂಜಿನ್ ಹಗುರವಾಗಿ ಸುತ್ತುವಂತೆ ಮಾಡಿದರೆ ಮಧ್ಯಮ ಥ್ರಾಟಲ್‌ನಲ್ಲಿ ಎಕ್ಸಾಸ್ಟ್ ಉಷ್ಣತೆ ಏರುತ್ತದೆ, ಕೋನ ಹೆಚ್ಚಿಸಿ ಹೊರೆ ಕೊಟ್ಟರೆ ಇಳಿಯುತ್ತದೆ. ಹೊಸ ಪ್ರೊಪೆಲ್ಲರ್ ಹಾಕಿಸಿದ ವಾರದಲ್ಲೇ ಎಂಜಿನ್ ಸೀಜ್ ಆಯಿತು ಎಂದರೆ ಅದು ಕಾಕತಾಳೀಯ ಇರಲಾರದು.

ಪೆಟ್ರೋಲ್ ಮತ್ತು ಆಯಿಲ್ ಅನುಪಾತ 50ಕ್ಕೆ 1, ಅಂದರೆ 20 ಲೀಟರ್‌ಗೆ 400 ಮಿ.ಲೀ. ಕಣ್ಣಂದಾಜಿನಲ್ಲಿ ಸುರಿಯುವುದು ಬೇಡ. ಆಯಿಲ್ ಹೆಚ್ಚಾದರೆ ಒಳ್ಳೆಯದೇ ಅಲ್ಲವೇ ಎಂಬ ತರ್ಕವೂ ತಪ್ಪು. ಆಯಿಲ್ ಹೆಚ್ಚಾದಷ್ಟೂ ಅದೇ ಅಳತೆಯಲ್ಲಿ ಪೆಟ್ರೋಲ್ ಕಮ್ಮಿ, ಜೊತೆಗೆ ಇಂಗಾಲ ಕಟ್ಟಿ ರಿಂಗ್ ಅಂಟಿಕೊಳ್ಳುತ್ತದೆ. ಆಯಿಲ್ ಪಂಪ್ ಇರುವ ಮಾದರಿಯಲ್ಲಿ ಪಂಪ್‌ನ ಕೇಬಲ್ ಕಾರ್ಬ್ಯುರೇಟರ್ ಕೇಬಲ್‌ಗಳ ಜೊತೆಗೇ ಎಳೆಯಬೇಕು. ಕಾರ್ಬ್ಯುರೇಟರ್ ಹೊಂದಿಸಿ ಪಂಪನ್ನು ಮರೆತರೆ ಆಯಿಲ್ ಅಳತೆ ತಪ್ಪುತ್ತದೆ.

ಪೆಟ್ರೋಲ್ ಪಂಪ್ ಕ್ರ್ಯಾಂಕ್‌ಕೇಸ್‌ನ ಒತ್ತಡದ ಮಿಡಿತದಿಂದ ನಡೆಯುವಂಥದ್ದು, ಒಳಗೆ ತೆಳುವಾದ ಪೊರೆ. ಎಂಜಿನ್‌ನಿಂದ ಪಂಪ್‌ಗೆ ಮಿಡಿತ ತರುವ ನಳಿಕೆ ಗಟ್ಟಿಯಾಗಿ, ಚಿಕ್ಕದಾಗಿ ಇರಬೇಕು. ಮೆತ್ತನೆಯ ಉದ್ದ ನಳಿಕೆ ಹಾಕಿದರೆ ಮಿಡಿತ ದಾರಿಯಲ್ಲೇ ಸಾಯುತ್ತದೆ, ಪೂರ್ಣ ಥ್ರಾಟಲ್‌ಗೆ ಪೆಟ್ರೋಲ್ ಸಾಲುವುದಿಲ್ಲ. ನೆಲದ ಮೇಲೆ ಅರೆ ಥ್ರಾಟಲ್‌ನಲ್ಲಿ ಏನೂ ಗೊತ್ತಾಗದೆ, ಏರುವಾಗ ಮಾತ್ರ ಎಂಜಿನ್ ಸೊರಗುವುದಕ್ಕೆ ಇದು ಬಹು ದೊಡ್ಡ ಕಾರಣ. ಎಥನಾಲ್ ಬೆರೆತ ಪೆಟ್ರೋಲ್ ನೀರು ಹೀರುತ್ತದೆ, ರಬ್ಬರನ್ನು ಕೆಡಿಸುತ್ತದೆ. ನಳಿಕೆಗಳು ಹಳದಿಯಾಗಿ ಗಡುಸಾದರೆ ಬದಲಿಸಿ. ತಿಂಗಳುಗಟ್ಟಲೆ ಟ್ಯಾಂಕ್‌ನಲ್ಲಿ ಕೂತ ಮಿಶ್ರಣವನ್ನು ಹಾರಾಟಕ್ಕೆ ಬಳಸಬೇಡಿ. ಪ್ಲಗ್ 25 ಗಂಟೆಗೊಮ್ಮೆ ಹೊಸದು, ಸಂದು 0.5 ಮಿ.ಮೀ.

582ರದೇ ಆದ ಇನ್ನೊಂದು ಮರ್ಮ ರೋಟರಿ ವಾಲ್ವ್. ತಿರುಗುವ ತಟ್ಟೆಯೊಂದು ಇಂಧನದ ಬಾಗಿಲನ್ನು ತೆರೆದು ಮುಚ್ಚುತ್ತದೆ. ಅದನ್ನು ತಿರುಗಿಸುವ ಶಾಫ್ಟ್ ಎರಡು ಸಿಲಿಂಡರ್‌ಗಳ ನಡುವೆ ಹಾದು ಇನ್ನೊಂದು ತುದಿಯಲ್ಲಿ ಕೂಲಂಟ್ ಪಂಪನ್ನೂ ತಿರುಗಿಸುತ್ತದೆ. ಈ ಶಾಫ್ಟ್‌ನ ಕೋಣೆಗೆ ಬೇರೆಯದೇ ಸಣ್ಣ ಆಯಿಲ್ ಬಾಟಲಿ ಇದೆ. ಅದರ ಮಟ್ಟ ಸುಮ್ಮನೆ ಇಳಿಯುವುದಿಲ್ಲ. ಇಳಿಯುತ್ತಿದೆ ಎಂದರೆ ಒಳ ಸೀಲ್ ಸೋತು ಆಯಿಲ್ ಕ್ರ್ಯಾಂಕ್‌ಕೇಸ್‌ಗೆ ಹೋಗುತ್ತಿದೆ. ಆಯಿಲ್ ಹಾಲಿನಂತೆ ಬೆಳ್ಳಗಾಗಿದೆ ಎಂದರೆ ಕೂಲಂಟ್ ಬೆರೆಯುತ್ತಿದೆ. ಬಾಟಲಿ ತುಂಬಿಸಿ ಹಾರುವುದು ಪರಿಹಾರವಲ್ಲ. ಅಲ್ಲಿನ ಗೇರ್ ಸವೆದರೆ ಇಂಧನದ ಬಾಗಿಲೂ ಕೂಲಂಟೂ ಒಟ್ಟಿಗೆ ನಿಲ್ಲುತ್ತವೆ. ಹಾರಾಟಕ್ಕೆ ಮುನ್ನ ಈ ಬಾಟಲಿ ನೋಡಲು ಹತ್ತು ಸೆಕೆಂಡ್ ಸಾಕು.

ಎಕ್ಸಾಸ್ಟ್ ಸ್ಪ್ರಿಂಗ್‌ಗಳನ್ನು ತಂತಿಯಿಂದ ಕಟ್ಟಿರಬೇಕು. ಪ್ರೊಪೆಲ್ಲರ್ ಹಿಂದಿರುವ ವಿಮಾನದಲ್ಲಿ ಮುರಿದ ಒಂದು ಸ್ಪ್ರಿಂಗ್ ನೇರವಾಗಿ ಅಲಗುಗಳ ನಡುವೆ ಹೋಗುತ್ತದೆ.

ಈಗ ಎಂಜಿನ್ ನಿಂತ ಆ ಗಳಿಗೆಗೆ ಬರೋಣ, ಏಕೆಂದರೆ 582 ಯಾವ ವಿಮಾನಕ್ಕೆ ಸರಿ ಎಂಬುದನ್ನು ತೀರ್ಮಾನಿಸುವುದು ಅದು. ಗಂಟೆಗೆ 80 ಕಿ.ಮೀ. ವೇಗದಲ್ಲಿ, ಸೆಕೆಂಡಿಗೆ 3 ಮೀಟರ್‌ನಂತೆ ಏರುತ್ತಿರುವ, ಜಾರುವ ಅನುಪಾತ 6ಕ್ಕೆ 1 ಇರುವ (ಎಂಜಿನ್ ಇಲ್ಲದೆ ಒಂದು ಮೀಟರ್ ಇಳಿಯುವಷ್ಟರಲ್ಲಿ ಆರು ಮೀಟರ್ ಮುಂದೆ ಸಾಗುವ), 60 ಕಿ.ಮೀ.ಗೆ ಸ್ಟಾಲ್ ಆಗುವ ವಿಮಾನವೊಂದನ್ನು ಲೆಕ್ಕಕ್ಕೆ ಹಿಡಿಯೋಣ. ಎಂಜಿನ್ ನಿಂತಿತು, ಪೈಲಟ್ ಕೈ ಎರಡು ಸೆಕೆಂಡ್ ಅಲ್ಲಾಡಲಿಲ್ಲ, ಮೂತಿ ಏರುವ ದಿಕ್ಕಿನಲ್ಲೇ ಇತ್ತು. ಗಾಳಿಯ ತಡೆ ಮತ್ತು ಏರು ಎರಡೂ ಸೇರಿ ವೇಗವನ್ನು ಸೆಕೆಂಡಿಗೆ ಸುಮಾರು 11 ಕಿ.ಮೀ.ಯಂತೆ ತಿನ್ನುತ್ತವೆ. ಎರಡು ಸೆಕೆಂಡ್ ಮುಗಿಯುವಾಗ ಉಳಿದಿರುವುದು 58. ವಿಮಾನ ಆಗಲೇ ಸ್ಟಾಲ್‌ನಲ್ಲಿದೆ. ದೊಡ್ಡ ವಿಮಾನಕ್ಕೆ ತೂಕದ ಓಟ ಇರುತ್ತದೆ, ಅಲ್ಟ್ರಾಲೈಟ್‌ಗೆ ಅದು ಇಲ್ಲ. ಎಂಜಿನ್ ರೆಕ್ಕೆಯ ಮೇಲೆ ಎತ್ತರದಲ್ಲಿ ಕೂತಿರುವ ವಿನ್ಯಾಸಗಳಲ್ಲಿ ಇನ್ನೊಂದು ಕಷ್ಟವಿದೆ: ಶಕ್ತಿ ಇದ್ದಾಗ ಎಂಜಿನ್ ಮೂತಿಯನ್ನು ಕೆಳಕ್ಕೆ ಒತ್ತುತ್ತಿರುತ್ತದೆ, ನಿಂತ ಕೂಡಲೇ ಮೂತಿ ತಾನಾಗಿ ಮೇಲೇಳುತ್ತದೆ. ಆದ್ದರಿಂದ ಮೊದಲ ಕೆಲಸ ಒಂದೇ, ಸ್ಟಿಕ್ ಮುಂದಕ್ಕೆ ತಳ್ಳಿ ಮೂತಿ ತಗ್ಗಿಸುವುದು. ಕಾರಣ ಹುಡುಕುವುದು, ಸ್ವಿಚ್ ಮುಟ್ಟುವುದು, ರೇಡಿಯೋ ಹಿಡಿಯುವುದು ಎಲ್ಲ ಆಮೇಲೆ.

ಅದೇ ವಿಮಾನವನ್ನು 60 ಮೀಟರ್ ಎತ್ತರದಿಂದ ರನ್‌ವೇಗೆ ತಿರುಗಿಸಿದರೆ ಏನಾಗುತ್ತದೆ ನೋಡಿ. 45 ಡಿಗ್ರಿ ವಾಲಿಸಿ 80 ಕಿ.ಮೀ. ವೇಗ ಉಳಿಸಿಕೊಂಡರೆ ತಿರುವಿನ ತ್ರಿಜ್ಯ ಸುಮಾರು 50 ಮೀಟರ್, ಅರ್ಧ ಸುತ್ತಿಗೆ 7 ಸೆಕೆಂಡ್. ವಾಲಿದಾಗ ಇಳಿತ ಸೆಕೆಂಡಿಗೆ ಸುಮಾರು 6 ಮೀಟರ್ ಆಗುತ್ತದೆ, ಅಂದರೆ ಆ ಅರ್ಧ ಸುತ್ತಿಗೇ 43 ಮೀಟರ್ ಹೋಯಿತು. ಆದರೆ ಅರ್ಧ ಸುತ್ತು ಸಾಲದು. ತಿರುವು ಮುಗಿದಾಗ ವಿಮಾನ ರನ್‌ವೇ ಗೆರೆಯಿಂದ 100 ಮೀಟರ್ ಪಕ್ಕದಲ್ಲಿರುತ್ತದೆ, ಇನ್ನೂ ತಿರುಗಿ ಮತ್ತೆ ನೇರ ಮಾಡಿಕೊಳ್ಳಬೇಕು. ಮೊದಲಿನ ಗಾಬರಿಯ ಸೆಕೆಂಡುಗಳನ್ನೂ ಸೇರಿಸಿದರೆ 60 ಮೀಟರ್ ಎಲ್ಲಿಗೂ ಸಾಲುವುದಿಲ್ಲ. ನೆಲ ಹತ್ತಿರ ಬರುವುದು ಕಂಡಾಗ ಮನುಷ್ಯನ ಕೈ ಸ್ಟಿಕ್ ಹಿಂದಕ್ಕೆ ಎಳೆಯುತ್ತದೆ, ಇನ್ನಷ್ಟು ವಾಲಿಸುತ್ತದೆ. 45 ಡಿಗ್ರಿಯಲ್ಲಿ ಸ್ಟಾಲ್ ವೇಗ 71 ಕಿ.ಮೀ. 60 ಡಿಗ್ರಿಯಲ್ಲಿ 85, ಅಂದರೆ ಹಾರುತ್ತಿರುವ ವೇಗಕ್ಕಿಂತ ಹೆಚ್ಚು. ತಿರುವು ಬಿಗಿ ಮಾಡಲು ರಡ್ಡರ್ ಒತ್ತಿದ್ದರೆ ಒಳಗಿನ ರೆಕ್ಕೆ ಮೊದಲು ಬೀಳುತ್ತದೆ, ಸ್ಪಿನ್ ಶುರು. ಅದರಿಂದ ಹೊರಬರಲು ಬೇಕಾದ ಎತ್ತರ ಅಲ್ಲಿಲ್ಲ. ಇಡೀ ವಿಮಾನವನ್ನೇ ಹೊತ್ತು ಇಳಿಸುವ ಬ್ಯಾಲಿಸ್ಟಿಕ್ ಪ್ಯಾರಾಚೂಟ್ ಇದ್ದರೂ ಆ ಎತ್ತರದಲ್ಲಿ ಸುತ್ತುತ್ತ ಬೀಳುವಾಗ ಅದು ಅರಳುವಷ್ಟು ಹೊತ್ತು ಸಿಗುತ್ತದೆಂದು ನೆಚ್ಚಿಕೊಳ್ಳುವಂತಿಲ್ಲ.

ಮೂತಿ ತಗ್ಗಿಸಿ ನೇರಕ್ಕೆ, ಹೆಚ್ಚೆಂದರೆ ಎಡಬಲಕ್ಕೆ 30 ಡಿಗ್ರಿಯ ಒಳಗೆ ಸಿಗುವ ಬಯಲಿಗೆ ಇಳಿಸಿದರೆ ವಿಮಾನ ಮುರಿಯಬಹುದು, ಆದರೆ ಜನ ಉಳಿಯುವ ಸಾಧ್ಯತೆ ಹೆಚ್ಚು. ಆ ಬಯಲನ್ನು ಎಂಜಿನ್ ಚಾಲೂ ಮಾಡುವ ಮೊದಲೇ ನಡೆದು ನೋಡಿ ಆರಿಸಿರಬೇಕು. ಎತ್ತರದಲ್ಲಿ, ಥ್ರಾಟಲ್ ಮುಚ್ಚಿ, ತಮ್ಮ ವಿಮಾನ ಪೂರ್ತಿ ತಿರುಗಿ ಬರಲು ಎಷ್ಟು ಮೀಟರ್ ಕಳೆಯುತ್ತದೆ ಎಂದು ಅಳೆದುಕೊಂಡವರಿಗೆ ಮಾತ್ರ ಹಿಂದಿರುಗುವ ಎತ್ತರ ಯಾವುದೆಂದು ಹೇಳುವ ಅಧಿಕಾರ.

ಆದ್ದರಿಂದ 582 ನಿಧಾನವಾಗಿ ಹಾರುವ, ನಿಧಾನವಾಗಿ ಇಳಿಯುವ, ತೆರೆದ ಬಯಲಿನ ಮೇಲೆ ಓಡಾಡುವ ವಿಮಾನಕ್ಕೆ ಸರಿ. ಊರಿನ ಮೇಲೆ, ಕಾಡಿನ ಮೇಲೆ, ದಡ ತಲುಪಲಾಗದ ನೀರಿನ ಮೇಲೆ ಹಾರಬೇಕಿದ್ದರೆ ಇದು ಸಲ್ಲ. ಅದೇ ರೋಟ್ಯಾಕ್ಸ್‌ನ ಫೋರ್ ಸ್ಟ್ರೋಕ್ ಎಂಜಿನ್ 912 ಇದಕ್ಕಿಂತ ಸುಮಾರು 20 ಕೆಜಿಗೂ ಹೆಚ್ಚು ತೂಕ, ಆದರೆ 80 ಅಶ್ವಶಕ್ತಿ. ಅದರ ಓವರ್‌ಹಾಲ್ ಅವಧಿ, ಅಂದರೆ ಪೂರ್ತಿ ಬಿಚ್ಚಿ ಸರಿಪಡಿಸುವವರೆಗಿನ ಓಟ, ಈಗಿನ ಮಾದರಿಗಳಲ್ಲಿ 2000 ಗಂಟೆ, 582ರದು 300. ವಿಮಾನದ ಚೌಕಟ್ಟು ಆ ತೂಕ ಹೊರುವುದಾದರೆ 912 ಆರಿಸುವುದೇ ಲೇಸು. ಅದೂ ಪೆಟ್ರೋಲ್ ಇಲ್ಲದಿದ್ದರೆ, ಕಾರ್ಬ್ಯುರೇಟರ್‌ನಲ್ಲಿ ಮಂಜು ಕಟ್ಟಿದರೆ ನಿಲ್ಲುತ್ತದೆ, ಹಾಗಾಗಿ ಸ್ಟಿಕ್ ಮುಂದಕ್ಕೆ ತಳ್ಳುವ ಅಭ್ಯಾಸದಿಂದ ಯಾರಿಗೂ ವಿನಾಯಿತಿ ಇಲ್ಲ.

ಬಳಸಿದ 582 ಕೊಳ್ಳುವವರು ಎಕ್ಸಾಸ್ಟ್ ಮ್ಯಾನಿಫೋಲ್ಡ್ ಬಿಚ್ಚಿಸಿ. ಕಿಂಡಿಯಿಂದಲೇ ಪಿಸ್ಟನ್, ರಿಂಗ್ ಎರಡೂ ಕಾಣುತ್ತವೆ. ಪಿಸ್ಟನ್ ಮೇಲೆ ಗೀರು ಇರಬಾರದು. ಮರದ ಕಡ್ಡಿಯಿಂದ ರಿಂಗ್ ಒತ್ತಿದರೆ ಒಳಗೆ ಹೋಗಿ ಮತ್ತೆ ಚಿಮ್ಮಬೇಕು, ಚಿಮ್ಮದಿದ್ದರೆ ಇಂಗಾಲದಲ್ಲಿ ಅಂಟಿದೆ. ರೋಟರಿ ವಾಲ್ವ್ ಬಾಟಲಿಯ ಆಯಿಲ್ ಬಣ್ಣ ನೋಡಿ. ಕಡಿಮೆ ಗಂಟೆ ಓಡಿದ ಹಳೆಯ ಎಂಜಿನ್ ಎಂಬ ಮಾತಿಗೆ ಮರುಳಾಗಬೇಡಿ. ವರ್ಷಗಟ್ಟಲೆ ಸುಮ್ಮನೆ ನಿಂತ ಟೂ ಸ್ಟ್ರೋಕ್‌ನಲ್ಲಿ ಕ್ರ್ಯಾಂಕ್ ಬೇರಿಂಗ್‌ಗೆ ತುಕ್ಕು ಹಿಡಿಯುತ್ತದೆ, ಅದು ಹೊರಗಿನಿಂದ ಕಾಣದು. 300 ಗಂಟೆ ಆಗದಿದ್ದರೂ 5 ವರ್ಷಕ್ಕೆ ಓವರ್‌ಹಾಲ್ ಎಂದು ಇಟ್ಟಿರುವುದು ಇದಕ್ಕೇ. ಲಾಗ್‌ಬುಕ್ ಇಲ್ಲದ ಎಂಜಿನನ್ನು, ಮಾರುವವರು ಏನೇ ಹೇಳಲಿ, 300 ಗಂಟೆ ಮುಗಿಸಿದ್ದೆಂದೇ ಎಣಿಸಿ, ಕ್ರ್ಯಾಂಕ್‌ಶಾಫ್ಟ್‌ವರೆಗೆ ಬಿಚ್ಚಿಸಿದ ಮೇಲೆಯೇ ವಿಮಾನಕ್ಕೆ ಕೂರಿಸಿ.